ಹಂದಿತೊಡೆಯ ಮೇಲಿನ ಸುರುಳಿ

ಗಲಿಸಿಯಾ ಪ್ರಾಂತ್ಯದ ಒಂದು ಗುಡ್ಡದ ನೆತ್ತಿಯಲ್ಲಿ ಪ್ರಾಚೀನ ಕೆಲ್ಟ್ ಜನಾಂಗದ ಹಾಳೂರು. ಬುಡದಲ್ಲಿ ಬಸ್ಸಿಗೆ ಕಾಯುತ್ತಿದ್ದ ಸಬೇಲಾಳಿಗೆ ಪಕ್ಕದ ಬೆಂಚಿನ ಮುದಿ ಅಣ್ಣತಂಗಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಣ್ಣ ಡೆಲ್ಮಿರೊ, ತಂಗಿ ಹೆರ್ಮಿಂಡಾ ಇಬ್ಬರೂ ಈಗಷ್ಟೇ ಹಾಳೂರು ನೋಡಿ ಇಳಿದಿದ್ದರು.

“ಸುರುಳಿ ಕೆತ್ತಿರೋ ಆ ಅರ್ಧ ಕಲ್ಲು ನೋಡಿದ್ಯಾ, ಅಣ್ಣ?”

“ನೋಡ್ದೆ.”

“ಇನ್ನರ್ಧ ಎಲ್ಲೋ ಕಳೆದುಹೋಗಿದೆ ಅಂತ ಬಂದೋರಿಗೆಲ್ಲ ಹೇಳ್ತಿದಾನೆ, ಇಲ್ಲಿ ಗೈಡ್ ಆಗಿರೋ ನಮ್ಮಕ್ಕನ ಮಗ.”

“ಮೆಲ್ಲಗೆ ಮಾತಾಡೇ!”

“ಉಪ್ಪಲ್ಲಿಟ್ಟ ಹಂದಿತೊಡೆಯಿಂದ ನೀರಿಳೀಲಿ ಅಂತ ಭಾರ ಹೇರೋಕೆ ಆ ಇನ್ನರ್ಧ ಬಿಟ್ಟು ನಿಂಗೆ ಬೇರೆ ಕಲ್ಲೇ ಸಿಗ್ಲಿಲ್ವಾ?”

“ಆಗ ಊರೋರೆಲ್ಲ ಇಲ್ಲಿಂದ್ಲೇ ಕಲ್ಲು ಹೊತ್ಕೊಂಡು ಹೋಗ್ತಿದ್ರು. ಯಾರಿಗೆ ಗೊತ್ತಿತ್ತು?”

“ಪ್ರತಿ ಕ್ರಿಸ್‌ಮಸ್‌ಗೂ ಅವನಿಗೊಂದು ತೊಡೆ ಕಳಿಸ್ತೀವಿ. ಚರ್ಮದ ಮೇಲೆ ಅದೇ ಸುರುಳಿ ಅಚ್ಚೊತ್ತಿರುತ್ತೆ.”

“ತಿನ್ನೋ ಗಡಿಬಿಡೀಲಿ ಚರ್ಮ ಯಾರು ನೋಡ್ತಾರೆ?”

“ನೋಡಿದಾನೆ. ಕಳೆದುಹೋಗಿದೆ ಅಂದಾಗ ನನ್ನ ಮುಖಾನೇ ನೋಡ್ತಿದ್ದ. ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು.”

“ಬಾಯಿಬಿಟ್ಟು ಕೇಳಬಹುದಿತ್ತಲ್ಲ.”

“ನಮ್ಮನೆ ಉಪ್ಪು ತಿಂದೋನು. ಹೇಗೆ ಕೇಳ್ತಾನೆ?”

ಡೆಲ್ಮಿರೊ ಟೋಪಿ ತೆಗೆದು ಮಡಿಲಲ್ಲಿ ಹಿಸುಕುತ್ತ ಕುಳಿತ. ಬಸ್ಸು ಬಂತು.

“ನಾಳೆ ಗಾಡೀಲಿ ತಂದು ಕೊಟ್ಬಿಡೋಣ,” ಎಂದಳು ಹೆರ್ಮಿಂಡಾ.

“ಬರೋ ವಾರ ಹಂದಿ ಕಡೀಬೇಕಲ್ಲೇ. ತೊಡೆ ಮೇಲೆ ಏನು ಹೇರೋದು?”

“ನೀನೇ ಹತ್ತಿ ಕೂತ್ಕೋ,” ಎಂದು ಅವಳು ತಿರುಗಿಯೂ ನೋಡದೆ ಬಸ್ಸು ಹತ್ತಿದಳು.