ತವರಿನ ಸೀರೆ

ಕಬ್ಬಿನ ಕಟಾವು ಜೋರಾಗಿದ್ದ ಕಾಲ. ಜಮಖಂಡಿ ಬಸ್ ನಿಲ್ದಾಣದ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಚಿಕ್ಕಪಡಸಲಗಿ ಬಸ್ಸು ಇನ್ನೂ ಬಂದಿರಲಿಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ಬನಹಟ್ಟಿಯ ತಾಯಿ ಮಗಳು ಕೂತಿದ್ದರು. ಮಗಳ ಎಡಗಣ್ಣು ಬಾತಿತ್ತು.

“ಅವ್ವಾ, ಹೊಳ್ಳಿ ಮನಿಗೆ ಹೋಗೂಣು. ನಿನ್ನ ಅಳಿಯ ಈ ಸಲ ನನ್ನ ಜೀವಂತ ಬಿಡಂಗಿಲ್ಲ.”

“ಹಂಗನಬ್ಯಾಡ ರಾಜಶ್ರೀ. ಹಿರ್ಯಾರು ಕೂತು ಮಾತಾಡ್ಯಾರ. ಇನ್ನ ಕೈ ಎತ್ತಂಗಿಲ್ಲ ಅಂದಾನ.”

“ಹ್ವಾದ ಸಲಾನೂ ಕೂತಿದ್ರು. ಚಾ ಕುಡದು ಎದ್ದು ಹ್ವಾದ್ರು.”

“ನೀ ತವರಾಗ ಕುಂತ್ರ ನಿನ್ನ ತಂಗೀನ ಯಾರ ಮಾಡ್ಕೋತಾರ?”

“ನಿನ್ನೂ ನಿಮ್ಮವ್ವ ಹಿಂಗ ಕಳಸಿದ್ಲಾ?”

“ಕಳಸಿದ್ಲು. ಬಾಳೇ ಮಾಡ್ಲಿಲ್ಲೇನ ನಾ?”

ಮಗಳು ತಾಯಿಯ ಸೊಟ್ಟಗಾದ ಮಣಿಕಟ್ಟನ್ನು ನೋಡಿದಳು. ತಾಯಿ ಚೀಲವೊಂದನ್ನು ಅವಳ ಮಡಿಲಿಗಿಟ್ಟಳು.

“ನಿಮ್ಮಣ್ಣ ತನ್ನ ಮಗ್ಗದಾಗ ನೇದ ಸೀರಿ. ಬಣ್ಣ ಛಲೋ ಐತಿ. ನಾಳೆ ಉಟ್ಕೋ.”

“ಉಡಂಗಿಲ್ಲ. ಟ್ರಂಕಿನ್ಯಾಗ ಇಡತೀನಿ.”

“ಯಾಕಬೇ?”

“ಮುತ್ತೈದಿ ಸತ್ರ ಹೆಣದ ಮ್ಯಾಲ ತವರಿನ ಸೀರಿ ಹೊಚ್ಚಬೇಕಲ್ಲ. ಅವತ್ತ ನೀವು ತರೂದು ತಪ್ಪತೈತಿ.”

“ಬಿಡ್ತು ಅನ್ನ! ಮದಲ ಬಿಡ್ತು ಅನ್ನ!”

ಬಸ್ಸು ಬಂತು. ಮಗಳು ಚೀಲವನ್ನು ಎದೆಗವಚಿಕೊಂಡು ಎದ್ದಳು.

“ತವರಿನ ಋಣ ತೀರಿತವ್ವಾ. ಇಲ್ಲಿಂದ ನಾ ಒಬ್ಬಾಕೀನ ಹೊಕ್ಕೀನಿ.”

ಅವಳು ಹತ್ತಿ ಕಿಟಕಿಯ ಬಳಿ ಕೂತಳು. ಬಸ್ಸು ಹೊರಟಾಗ ತಾಯಿ ಕಿಟಕಿಯ ಸರಳು ಹಿಡಿದು, “ಬಿಡ್ತು ಅನ್ನ, ನನ ಮಗಳ, ಬಿಡ್ತು ಅನ್ನ” ಎನ್ನುತ್ತ ಗೇಟಿನವರೆಗೂ ಜೊತೆಯಲ್ಲೇ ನಡೆದಳು.