ಅಳಿಯ ಹಾಕಿಕೊಟ್ಟ ಪ್ಲೇಯರ್

ಚಳಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳ ಒಂದು ಬೆಳಿಗ್ಗೆ, ರಿಪೇರಿ ಅಂಗಡಿಯ ಬೆಂಚಿನ ಮೇಲೆ ಅಜ್ಜನೊಬ್ಬ ತನ್ನ ರೇಡಿಯೊಗಾಗಿ ಕಾಯುತ್ತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಬಿಟ್ಟುಕೊಂಡಿದ್ದ ದರ್ಜಿ ಹೆಂಗಸೊಬ್ಬಳು ಬಂದು ಲ್ಯಾಪ್‌ಟಾಪನ್ನು ರಿಪೇರಿಯವನ ಮೇಜಿನ ಮೇಲಿಟ್ಟಳು. ಅಜ್ಜನ ಕಿವಿ ನೆಟ್ಟಗಾಯಿತು.

“ನೋಡಪ್ಪ, ಹಾಡು ನಿಲ್ಲಿಸಿದ್ರೂ ಪ್ಲೇಯರಿಂದು ಏನೋ ಒಳಗೆ ಓಡ್ತಾನೇ ಇರುತ್ತೆ. ಹಾಕಿಕೊಟ್ಟಿದ್ದು ನಮ್ಮ ಅಳಿಯ.”

“ಅದಕ್ಕೇನೀಗ ಅಕ್ಕ?”

“ನಮ್ಮನೆ ಮಾತು ಕದ್ದು ಕೇಳೋಕೆ ಇಟ್ಟಿದ್ದಾನೆ ಅಂತ ಬೈದ್ಬಿಟ್ಟೆ. ಅವತ್ತಿಂದ ಮಗಳೂ ಫೋನ್ ಎತ್ತಲ್ಲ.”

“ನೋಡೋಣ ಇರಿ. ಒಳಗೆ ಓಡ್ತಿರೋದರ ಹೆಸರೇನೋ ಪ್ಲೇಯರಿಂದೇ.”

“ಹಾಗಾದ್ರೆ ಒಳ್ಳೇದೇ ಅಂತೀಯಾ?”

“ಹೆಸರು ನಂಬಿದ್ರೆ ಕೆಟ್ವಿ. ಕಳ್ಳನೂ ಒಳ್ಳೇ ಹೆಸರಿಟ್ಕೊಂಡೇ ಬರ್ತಾನೆ. ಯಾವ ಫೋಲ್ಡರಲ್ಲಿ ಕೂತಿದೆ, ಪ್ಲೇಯರ್ ಮಾಡಿದ ಕಂಪನಿ ಸಹಿ ಇದೆಯಾ, ಅದನ್ನ ನೋಡ್ಬೇಕು.”

“ಎಲ್ಲಿ ಕೂತಿದೆ?”

“ಪ್ಲೇಯರ್ ಫೋಲ್ಡರಲ್ಲೇ. ಸಹಿನೂ ಸರಿಯಾಗಿದೆ. ಭಯ ಇಲ್ಲ.”

“ಮತ್ತೆ ಹಗಲೆಲ್ಲ ಅಲ್ಲೇನು ಮಾಡುತ್ತೆ?”

“ನೀವು ಇದಕ್ಕೆ ಫೋನ್ ವೈರ್ ಚುಚ್ಚಿದ್ರೆ ಫೋನಿಗೆ ಹಾಡು ತುಂಬಿಕೊಡೋಕೆ ಕಾಯ್ತಿರುತ್ತೆ.”

“ಅಯ್ಯೋ! ‘ಅಳಿಯ ಮನೆ ತೊಳೆಯ’ ಅಂತ ಅವನ ಮುಖಕ್ಕೇ ಅಂದ್ಬಿಟ್ನಲ್ಲಪ್ಪ.”

“ಬೇಡ ಅಂದ್ರೆ ಇದನ್ನ ನಿಲ್ಲಿಸ್ಕೊಡ್ತೀನಿ. ನಿಮಿಷದ ಕೆಲಸ.”

“ಮುಟ್ಟಬೇಡ. ಹೆಂಗೆ ನಿಲ್ಲಿಸೋದು ಅಂತ ಅವನನ್ನೇ ಹೋಗಿ ಕೇಳ್ತೀನಿ.”

“ನಾನೇ ಮಾಡ್ತೀನಿ ಅಂದ್ನಲ್ಲ ಅಕ್ಕ!”

“ಸುಮ್ನಿರಪ್ಪ. ಅವರ ಬಾಗಿಲು ತಟ್ಟೋಕೆ ನನಗೊಂದು ನೆಪ ಬೇಡ್ವಾ?”

ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ನೇರ ಬಸ್ ನಿಲ್ದಾಣದ ಕಡೆಗೆ ನಡೆದಳು.