ಹುಣ್ಣಿಮೆಗೆ ಇಟ್ಟ ಸಭೆ

ಸಾಲ್ಟ್ ಲೇಕಿನ ಬಸ್ ಸ್ಟಾಪಿನಲ್ಲಿ, ಬಂಗಾಳಿ ಮಾತುಗಳ ನಡುವೆ, ಬೆನ್ನ ಹಿಂದೆ ಕನ್ನಡ ಕೇಳಿ ಅಪೂರ್ವಳಿಗೆ ಹಿಗ್ಗಾಯಿತು. ಮಾತನಾಡಿಸಲೆಂದು ತಿರುಗಿದವಳು, ಅಲ್ಲಿ ನಿಂತಿದ್ದ ಪ್ರೊಫೆಸರಮ್ಮ ಮತ್ತು ಅವರ ವಿದ್ಯಾರ್ಥಿಯ ಬಾಡಿದ ಮುಖ ನೋಡಿ ಮತ್ತೆ ರಸ್ತೆಯತ್ತ ತಿರುಗಿದಳು.

“ಮೀನುಗಾರಿಕೆ ಆಫೀಸರು ಎಂತ ಹೇಳಿದ್ರು ಮೇಡಂ?”

“ಹೊಸ ನಿಯಮ ಊರಿಗೇ ಹೋಗಿ ತಿಳಿಸಿದೀವಿ, ಯಾರೂ ಬೇಡ ಅನ್ನಲಿಲ್ಲ ಅಂದ್ರು.”

“ಬೇಡ ಹೇಳ್ಲಿಕ್ಕೆ ಸಭೆಯಲ್ಲಿ ಯಾರಿದ್ರು? ಬಂದದ್ದು ಟ್ರಾಲರ್ ಧಣಿಗಳು ಮಾತ್ರ.”

“ಆಫೀಸಿನವರಿಗೆ ಅಷ್ಟೇ ಸಾಕು. ಬರೋ ತಿಂಗಳಿಂದ ಸಣ್ಣ ದೋಣಿಯವರು ಅಳಿವೆಯಲ್ಲಿ ಬಲೆ ಬಿಡೋ ಹಾಗಿಲ್ಲ.”

“ಇನ್ನೊಂದು ಸಭೆ ಕೇಳಿದ್ರಾ?”

“ಕೈಮುಗಿದು ಕೇಳ್ದೆ. ಮುಗೀತು ಅಂದ್ರು. ಸಭೆಯ ದಿನ ಆರಿಸೋದನ್ನ ನಮಗೇ ಬಿಟ್ಟಿದ್ರು, ಹುಣ್ಣಿಮೆ ದಿನವೇ ಯಾಕೆ ಇಟ್ಟೆ ಅಭಯ?”

“ಮಲ್ಪೆಯಲ್ಲಿ ಅಪ್ಪನ ದೋಣಿ ಹುಣ್ಣಿಮೆಗೆ ದಡದಲ್ಲೇ ಇರ್ತಿತ್ತು. ಇಲ್ಲಿಯೂ ಹಾಗೇ ಅಂತ ಗ್ರಹಿಸಿದೆ.”

“ಇಲ್ಲಿ ಹುಣ್ಣಿಮೆ ಉಬ್ಬರಕ್ಕೇ ಊರೆಲ್ಲ ನೀರಿಗಿಳಿಯುತ್ತೆ. ಅವರನ್ನ ಒಂದು ಮಾತು ಕೇಳಬಾರದಿತ್ತಾ?”

“ಮೀನುಗಾರರ ಮನೆಯವನೇ ಅಲ್ವಾ, ನಂಗೆ ಗೊತ್ತಿಲ್ವಾ ಅಂತ...”

ಅವನ ಫೋನು ಬಡಿದುಕೊಂಡಿತು. ಅವನು ಎತ್ತಲಿಲ್ಲ.

“ಯಾರದು?”

“ಆ ದೋಣಿಯವರ ಊರಿನ ಹಸೀನಾದೀದಿ. ಬೆಳಗ್ಗೆಯಿಂದ ಮಾಡ್ತಾ ಇದ್ದಾರೆ.”

“ಎತ್ತು. ಎಷ್ಟು ದಿನ ಅಂತ ತಪ್ಪಿಸ್ಕೋತೀಯ?”

ಅವನು ಬಂಗಾಳಿಯಲ್ಲಿ ಎರಡು ಮಾತಾಡಿ, ಫೋನನ್ನು ಅಂಗೈಯಿಂದ ಮುಚ್ಚಿದ.

“ದೋಣಿಗಳೆಲ್ಲ ವಾಪಸ್ ಬಂದ್ವಂತೆ. ಅವತ್ತು ಬರ್ಲಿಕ್ಕಾಗಲಿಲ್ಲ, ಬೇಜಾರು ಮಾಡ್ಬೇಡಿ ಅಂತಿದ್ದಾರೆ. ಈಗ ಸಭೆಗೆ ಅಂತ ಎಲ್ಲರೂ ಶಾಲೆ ಅಂಗಳದಲ್ಲಿ ಕೂತಿದ್ದಾರಂತೆ. ನಾವು ಎಷ್ಟೊತ್ತಿಗೆ ಬರ್ತೇವೆ ಅಂತ ಕೇಳ್ತಾ ಇದ್ದಾರೆ. ಎಂತ ಹೇಳ್ಲಿ ಮೇಡಂ?”

ಹೌರಾ ಬಸ್ಸು ಬಂತು. ಪ್ರೊಫೆಸರಮ್ಮ ಹತ್ತಿದರು. ಫೋನು ಮುಚ್ಚಿದ ಅಂಗೈ ತೆಗೆಯದೆಯೇ ಅವನೂ ಹತ್ತಿದ.